ಮಲಿಂಕೆ ಮದುವೆಯಲ್ಲಿ ಮೂರನೆಯ ಡೋಲು

ಆಸ್ಟ್ರೇಲಿಯಾಕ್ಕೆ ಹೋಗಿ ಬಂದೆ ಎಂದರೆ ನಮ್ಮ ಹರಿಹರದಲ್ಲಿ ಎಲ್ಲರೂ ಮೊದಲು ಕೇಳುವುದು ಕಾಂಗರೂ ವಿಚಾರ. ನಾನು ಕಾಂಗರೂ ನೋಡಿದ್ದು ಒಂದೇ ಸಲ, ಅದೂ ಹೆದ್ದಾರಿಯ ಪಕ್ಕದಲ್ಲಿ ಸತ್ತು ಮಲಗಿತ್ತು. ಸಿಡ್ನಿಯ ದೊಡ್ಡ ಸೇತುವೆಯನ್ನು ಕಾರಿನ ಕಿಟಕಿಯಿಂದ ನೋಡಿದೆ. ಅದರ ಪಕ್ಕದ ಚಿಪ್ಪಿನಂಥ ಕಟ್ಟಡ ಎಲ್ಲಿದೆ ಎಂದು ಕತ್ತು ತಿರುಗಿಸುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ಇಷ್ಟಕ್ಕೆ ಅಷ್ಟು ದೂರ ಹೋಗಬೇಕಿತ್ತೇ ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದಿಷ್ಟು: ನಾನು ಅಲ್ಲಿ ಆಫ್ರಿಕಾದವರ ಮದುವೆಗೆ ಹೋಗಿದ್ದೆ, ಡೋಲು ಬಡಿದೆ, ಮದುವೆ ಮನೆಯ ಮರ್ಯಾದೆ ಕಳೆಯುವುದರಲ್ಲಿದ್ದೆ, ಪುಣ್ಯಕ್ಕೆ ಕಳೆಯಲಿಲ್ಲ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಶಾಲೆ ಬಿಟ್ಟ ಮೇಲೆ ಹೆಂಗಸರ ಡೊಳ್ಳು ಮೇಳ ನಡೆಸುತ್ತೇನೆ. ಮೊದಮೊದಲು ಹೆಂಗಸರು ಡೊಳ್ಳು ಕಟ್ಟುವುದೇ ಎಂದು ನಕ್ಕವರು ಈಗ ತಮ್ಮ ಮಗಳನ್ನೂ ಸೇರಿಸಿಕೊಳ್ಳಿ ಎಂದು ಮನೆಗೆ ಬರುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ. ಡೋಲಿನ ವಿಷಯದಲ್ಲಿ ನನಗೆ ಯಾರೂ ಹೊಸದಾಗಿ ಏನೂ ಕಲಿಸಬೇಕಿಲ್ಲ ಎಂದುಕೊಂಡೇ ನಾನು ವಿಮಾನ ಹತ್ತಿದ್ದು.

ಕೆಲ್ಲಿವಿಲ್

ಶೋಭಾ ನನ್ನ ಅಣ್ಣನ ಮಗಳು. ಓದಲು ಹೋಗಿ, ಅಲ್ಲೇ ನೆಲೆಸಲು ಪಿಆರ್ ಸಿಕ್ಕಿ, ಮ್ಯಾಕ್ವೆರಿ ಪಾರ್ಕಿನ ಔಷಧಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಸಿಡ್ನಿಯ ಅಂಚಿನ ಕೆಲ್ಲಿವಿಲ್‌ನಲ್ಲಿ ಹೊಸ ಮನೆ, ಮನೆಯ ಮುಂದೆ ಗಂಡನದೊಂದು ತನ್ನದೊಂದು ಕಾರು, ಮನೆಯೊಳಗೆ ಹಗಲೆಲ್ಲ ನಾನೊಬ್ಬಳೇ. ಜುಲೈ ತಿಂಗಳು, ಅವರಿಗೆ ಚಳಿಗಾಲ. ಬಿಸಿಲು ಕಾಯೋಣವೆಂದು ಅಂಗಳಕ್ಕೆ ಬಂದರೆ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಮಾತಾಡಲು ಯಾರೂ ಸಿಗದೆ ನಾನು ಎದುರುಮನೆಯ ಗುಲಾಬಿ ಗಿಡದ ಜೊತೆ ಮಾತಾಡಿದ್ದೂ ಉಂಟು.

ಬೇಸರ ಕಳೆಯಲು ಒಂದು ದಿನ ಒಬ್ಬಳೇ ಬಸ್ಸು ಹತ್ತಿದೆ. ಅಲ್ಲಿ ಇಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ, ಸ್ಕೂಲ್ ಹುಡುಗರೂ ಕೂಡ. ನಮ್ಮಲ್ಲಿ ಕಂಡಕ್ಟರಿಗೆ ಥ್ಯಾಂಕ್ಸ್ ಹೇಳಿ ನೋಡಿ, ಈಯಮ್ಮ ಟಿಕೆಟ್ ತೆಗೆದುಕೊಂಡಿದ್ದಾಳೋ ಇಲ್ಲವೋ ಎಂದು ಅನುಮಾನ ಪಡುತ್ತಾನೆ. ನಾನೂ ಇಳಿಯುವಾಗ ಮೈದಾನದಲ್ಲಿ ಮಕ್ಕಳಿಗೆ ಕೂಗುವ ದನಿಯಲ್ಲಿ "ಥ್ಯಾಂಕ್ಯೂ ಸಾರ್" ಎಂದೆ. ಇಡೀ ಬಸ್ಸು ತಿರುಗಿ ನೋಡಿತು.

ಅದನ್ನು ಕೇಳಿ ನಕ್ಕ ಶೋಭಾ ಭಾನುವಾರ ನನ್ನನ್ನು ಎಬ್ಬಿಸಿದಳು. "ಅತ್ತೆ, ಬೇಗ ರೆಡಿ ಆಗಿ. ನನ್ನ ಡ್ರಮ್ ಕ್ಲಾಸಿಗೆ ಕರ್ಕೊಂಡು ಹೋಗ್ತೀನಿ. ಮನೇಲೇ ಇದ್ರೆ ನಿಮ್ಗೆ ಹುಚ್ಚು ಹಿಡಿಯುತ್ತೆ."

"ನಿಂಗ್ಯಾವ ಡ್ರಮ್ಮೇ? ಡೊಳ್ಳು ಕಟ್ಕೋ ಬಾರೇ ಅಂದ್ರೆ ಸೊಂಟದ ಮೇಲೆ ಗುರುತು ಬೀಳ್ತೈತೆ ಅಂತ ಓಡಿ ಹೋಗ್ತಿದ್ದೆ."

"ಇದು ಸೊಂಟಕ್ಕೆ ಕಟ್ಟೋದಲ್ಲ ಅತ್ತೆ, ಆಫ್ರಿಕನ್. ಒಂದ್ಸಲ ನೋಡಿ, ಆಮೇಲೆ ಬೈರಿ."

ಊರಲ್ಲಿ ಪುಕ್ಕಟೆ ಸಿಗುವುದನ್ನು ಬಿಟ್ಟು ಇಲ್ಲಿ ದುಡ್ಡು ಕೊಟ್ಟು ಕಲಿಯುವುದೇ ಎಂದು ಗೊಣಗುತ್ತಲೇ ಹೊರಟೆ.

ಭಾನುವಾರದ ಹಾಲ್

ಹಳೇ ಸಬರ್ಬ್ ಒಂದರ ಸಮುದಾಯದ ಹಾಲ್. ಒಳಗೆ ಹತ್ತಾರು ಜನ, ಹೆಚ್ಚಿನವರು ಬಿಳಿಯರು, ಮೊಣಕಾಲ ನಡುವೆ ಒರಳಿನ ಆಕಾರದ ಡೋಲು ಇಟ್ಟುಕೊಂಡು ಬರಿಗೈಯಲ್ಲಿ ಬಾರಿಸುತ್ತಿದ್ದರು. ಅದು ಜೆಂಬೆ. ನನ್ನ ಕಣ್ಣು ಹೋದದ್ದು ಅವರ ಹಿಂದೆ, ಸ್ಟ್ಯಾಂಡಿನ ಮೇಲೆ ಅಡ್ಡ ಮಲಗಿದ್ದ ಮೂರು ಡೋಲುಗಳ ಕಡೆಗೆ. ದೊಡ್ಡದು, ಮಧ್ಯದ್ದು, ಸಣ್ಣದು. ಎರಡೂ ಕಡೆ ಚರ್ಮ, ಸುತ್ತ ಹಗ್ಗದ ಬಿಗಿ. ನಮ್ಮ ಡೊಳ್ಳಿನ ದಾಯಾದಿಗಳೇ. ಪ್ರತಿ ಡೋಲಿನ ಮೇಲೂ ಒಂದೊಂದು ಕಬ್ಬಿಣದ ಗಂಟೆ ಕಟ್ಟಿದ್ದರು. ಒಂದು ಕೈಯಲ್ಲಿ ಕೋಲು ಹಿಡಿದು ಚರ್ಮಕ್ಕೆ ಹೊಡೆಯಬೇಕು, ಇನ್ನೊಂದು ಕೈಯಲ್ಲಿ ಆ ಗಂಟೆ ಬಾರಿಸಬೇಕು.

ಕಲಿಸುವವರು ಸೆಕು. ಗಿನಿ ದೇಶದ ಕುರುಸ್ಸಾ ಎಂಬ ಸೀಮೆಯವರು, ಮಲಿಂಕೆ ಜನ. ನಲವತ್ತರ ಆಸುಪಾಸು, ಸಣಕಲು ಮೈ, ಅಗಲ ಅಂಗೈ. ಅಲ್ಲಿ ಗುರುವನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಬಾಯಿ ಬರಲಿಲ್ಲ, ಮೇಷ್ಟ್ರೇ ಎಂದೆ. ಅರ್ಥ ಕೇಳಿ ತಿಳಿದುಕೊಂಡು, ಅದೇ ಇರಲಿ ಎಂದರು. ಅವರ ಇಂಗ್ಲಿಷಿಗೆ ಫ್ರೆಂಚಿನ ವಾಸನೆ, ನನ್ನದಕ್ಕೆ ಹರಿಹರದ್ದು. ತಿಳಿಯದೆ ಹೋದದ್ದನ್ನು ಶೋಭಾ ಬಿಡಿಸಿ ಹೇಳುತ್ತಿದ್ದಳು.

ಆ ದಿನ ಸಣ್ಣ ಡೋಲು ಬಾರಿಸುವ ನರ್ಸಮ್ಮನ ಮಣಿಕಟ್ಟು ಉಳುಕಿತ್ತು. ನನ್ನ ಕೈ ಆಗಲೇ ತುರಿಸುತ್ತಿತ್ತು. ಶೋಭಾ ನನ್ನನ್ನು ಮುಂದೆ ತಳ್ಳಿದಳು. ಆ ಸಣ್ಣದರ ಹೆಸರು ಕೆಂಕೆನಿ. ಅದರ ಪೆಟ್ಟು ಸುಲಭ, ಮೊದಲಿನಿಂದ ಕೊನೆಯವರೆಗೆ ಒಂದೇ ಸಮ, ಉಳಿದವರೆಲ್ಲ ಅದನ್ನು ಹಿಡಿದು ನಡೆಯುತ್ತಾರೆ. ಕೈಗೆ ಕ್ಷಣದಲ್ಲಿ ಹತ್ತಿತು. ಕಾಲಿನದೇ ಪಂಚಾಯಿತಿ. ಡೊಳ್ಳು ಸೊಂಟಕ್ಕೆ ಕಟ್ಟಿಕೊಂಡರೆ ಬಡಿಯುವುದೂ ನಾವೇ, ಕುಣಿಯುವುದೂ ನಾವೇ. ಇಲ್ಲಿ ಅಂಗಡಿಯ ಗಲ್ಲಾದ ಹಿಂದೆ ನಿಂತ ಹಾಗೆ ಸುಮ್ಮನೆ ನಿಂತು ಬಡಿಯಬೇಕು. ನನ್ನ ಕಾಲು ಕೇಳಲಿಲ್ಲ.

ಮೇಷ್ಟ್ರು ನಗುತ್ತ ಬಂದರು. "ನಿಮ್ಮ ಕಾಲು ಬೇರೆ ಯಾವುದೋ ಡೋಲು ಬಾರಿಸ್ತಾ ಇದೆ. ನಮ್ಮಲ್ಲಿ ಕೈ ನಮ್ಮದು, ಕಾಲು ಕುಣಿಯುವವರದು. ಮುಂದಾಳು ಜೆಂಬೆಯವನು ಅವರ ಪಾದ ನೋಡಿಕೊಂಡು ಬಾರಿಸಬೇಕು. ಅವರು ಪಾದ ಇಟ್ಟ ಕಡೆ ಅವನ ಪೆಟ್ಟು ಬೀಳಬೇಕು."

ಚಹಾ ಬಿಡುವಿನಲ್ಲಿ ಅವರು ಇನ್ನೊಂದು ತೋರಿಸಿದರು. ಜಾಗ್ಬೆ ಎಂಬುದು ಹಬ್ಬ, ಮದುವೆಗಳಲ್ಲಿ ಬಾರಿಸುವ ಒಂದು ಬಡಿತ. ತಮ್ಮ ಕುರುಸ್ಸಾದಲ್ಲಿ ಅದನ್ನು ಮೂರೂ ಡೋಲು ತುಂಬಿ ಬಾರಿಸುತ್ತಾರೆ. ಹೆಂಗಸರು ಎದೆ ಮುಂದೆ ಮಾಡಿ ತೋಳು ಚಾಚಿ ನೆಲದಿಂದ ಎದ್ದೆದ್ದು ಕುಣಿಯುತ್ತಾರೆ. ಗಡಿ ದಾಟಿ ಮಾಲಿ ದೇಶದ ಕೀಟಾ ಸೀಮೆಗೆ ಹೋದರೆ ಜನ ಅವರೇ, ಮಾತೂ ಹೆಚ್ಚುಕಡಿಮೆ ಅದೇ, ಆದರೆ ಬಡಿತ ನಿಧಾನ, ನಡುನಡುವೆ ಅಗಲ ಬಿಡುವು. ಅಲ್ಲಿಯವರ ಪಾದ ನೆಲ ಬಿಡುವುದೇ ಇಲ್ಲವೆಂಬಂತೆ ಜಾರುತ್ತದೆ, ಭುಜ ಮಾತ್ರ ಮಾತಾಡುತ್ತದೆ. ಮೇಷ್ಟ್ರು ಎರಡನ್ನೂ ಕುಣಿದು ತೋರಿಸಿದರು. ಎರಡು ಬೇರೆ ಮನುಷ್ಯರನ್ನು ನೋಡಿದ ಹಾಗಾಯಿತು.

"ನಮ್ಮಲ್ಲೂ ಹಂಗೆ ಮೇಷ್ಟ್ರೇ," ಎಂದೆ. "ಹಾವೇರಿ ಕಡೆ ಮೇಳ ನಮ್ಮ ಜೊತೆ ನಿಂತ್ರೆ ಮೊದಲ ಸುತ್ತಿಗೇ ಗೊತ್ತಾಗ್ತೈತೆ, ಇವ್ರು ನಮ್ಮೋರಲ್ಲ ಅಂತ."

ಆಗ ಅವರು ತಮ್ಮ ಚಿಂತೆ ಹೇಳಿಕೊಂಡರು. ಮುಂದಿನ ಶನಿವಾರ ಮೆಲ್ಬರ್ನಿನಲ್ಲಿ ಅವರ ತಂಗಿಯ ಮಗಳು ಮರಿಯಮ್‌ಳ ಮದುವೆ. ಡೋಲು ತರುವ ಹೊಣೆ ಸೋದರಮಾವನಾದ ಇವರದು. ಗಂಡಿನ ಕಡೆಯವರು ಅದೇ ಕೀಟಾ ಸೀಮೆಯವರು. ಗಂಡಿನ ಸೋದರತ್ತೆ ಸಾರಾನ್ ಎಂಬ ಹಿರಿಯ ಹೆಂಗಸು ಮದುವೆಗೆಂದೇ ಮಾಲಿಯಿಂದ ಬರುತ್ತಿದ್ದಾರೆ. ಆಕೆ ಎದ್ದು ಬಂದು ಕುಣಿದು, ಕೊನೆಗೆ ಬಗ್ಗಿ ಜೆಂಬೆ ಮುಟ್ಟಿದರೆ ಹೆಣ್ಣಿನ ಕಡೆಯವರ ಡೋಲನ್ನು ಒಪ್ಪಿದ ಹಾಗೆ. ಮುಟ್ಟದೆ ಹೋದರೆ ಆ ಮಾತು ಮರಿಯಮ್ ಜೊತೆ ಅತ್ತೆ ಮನೆಗೆ ಹೋಗುತ್ತದೆ, ಹೋದದ್ದು ಬೇಗ ವಾಪಸ್ ಬರುವುದಿಲ್ಲ. ನರ್ಸಮ್ಮನ ಕೈ ನೋಡಿದರೆ ಹೀಗೆ. ನೀವು ಬರುತ್ತೀರಾ?

ಸೋದರಮಾವನ ಸಂಕಟ ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ನಮ್ಮಲ್ಲಿ ಬೀಗರಿಗೆ ಬಡಿಸುವಾಗ ಹಪ್ಪಳ ಒಂದು ಕಮ್ಮಿ ಬಿದ್ದದ್ದಕ್ಕೆ ವರ್ಷಗಟ್ಟಲೆ ಮಾತು ಬಿಟ್ಟವರನ್ನು ಕಂಡಿದ್ದೇನೆ. ಬರುತ್ತೇನೆ ಎಂದುಬಿಟ್ಟೆ.

ಹೆದ್ದಾರಿ, ಆಮೇಲೆ ಪಾಯಿಂಟ್ ಕುಕ್

ಮೇಷ್ಟ್ರು ಮೊದಲೇ ವಿಮಾನದಲ್ಲಿ ಹೋದರು. ಡೋಲುಗಳು ಶೋಭಾಳ ಕಾರಿನಲ್ಲಿ ಬಂದವು. ದೊಡ್ಡದೂ ಮಧ್ಯದ್ದೂ ಹಿಂದಿನ ಸೀಟು ಹಿಡಿದವು, ಕೆಂಕೆನಿ ನನ್ನ ತೊಡೆಯ ಮೇಲೆ. ಸಿಡ್ನಿಯಿಂದ ಮೆಲ್ಬರ್ನಿಗೆ ಇಡೀ ಹಗಲು ದಾರಿ. ದಾರಿಯುದ್ದ ಹುಲ್ಲು, ಕುರಿ, ಮತ್ತೆ ಹುಲ್ಲು. ಅಷ್ಟು ಕುರಿ ಇದ್ದೂ ಒಬ್ಬ ಕುರಿ ಕಾಯುವವನು ಕಾಣಲಿಲ್ಲ. ನಮ್ಮ ಕಡೆಯಾಗಿದ್ದರೆ ಕಂಬಳಿ ಹೊದ್ದ ಒಬ್ಬನಾದರೂ ಕೋಲೂರಿ ನಿಂತು ಎಲ್ಲಿಗೆ ಹೊರಟಿರಿ ಎಂದು ವಿಚಾರಿಸುತ್ತಿದ್ದ. ಕಾರು ಕುಲುಕಿದಾಗಲೆಲ್ಲ ತೊಡೆಯ ಮೇಲಿನ ಗಂಟೆ ಟಣ್ ಎನ್ನುತ್ತಿತ್ತು.

ಶೋಭಾಳ ಹತ್ತಿರ ಇದ್ದ ದಪ್ಪ ರಸ್ತೆ ಪುಸ್ತಕ ಸಿಡ್ನಿಯದು ಎಂದು ಗೊತ್ತಾದದ್ದು ಮೆಲ್ಬರ್ನ್ ಮುಟ್ಟಿದ ಮೇಲೆ. ನಾವು ಉಳಿಯಬೇಕಿದ್ದದ್ದು ಪಾಯಿಂಟ್ ಕುಕ್‌ನಲ್ಲಿ, ಅವಳ ಗೆಳತಿ ರೂಪಾಳ ಮನೆಯಲ್ಲಿ. ಅಲ್ಲಿ ಎಲ್ಲ ಮನೆಯೂ ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆ. ಕೇಳಿ ಕೇಳಿ ಒಂದು ಬಾಗಿಲು ತಟ್ಟಿದೆವು. ಬಾಗಿಲು ತೆರೆದ ಸರ್ದಾರ್ಜಿ ಒಬ್ಬರು ನಮ್ಮ ಮುಖ, ನನ್ನ ಕಂಕುಳಿನ ಡೋಲು ನೋಡಿ, ಆಯಿಯೇ ಆಯಿಯೇ ಎಂದು ಒಳಗೆ ಕರೆದು ಸೋಫಾ ತೋರಿಸಿದರು. ಅವರ ಹೆಂಡತಿ ಚಹಾ ತಂದರು. ರೂಪಾಳ ಮಾವನವರು ಎಷ್ಟು ಒಳ್ಳೆಯವರು, ಆದರೆ ರೂಪಾ ಪಂಜಾಬಿಯನ್ನು ಮದುವೆಯಾದ ಸುದ್ದಿ ಯಾರೂ ಹೇಳಲೇ ಇಲ್ಲವಲ್ಲ ಎಂದು ನಾನು ಯೋಚಿಸುತ್ತ ಚಹಾ ಕುಡಿದೆ. ಲೋಟ ಖಾಲಿಯಾದ ಮೇಲೆ ಶೋಭಾ ಮೆಲ್ಲಗೆ ರೂಪಾ ಎಲ್ಲಿ ಎಂದು ಕೇಳಿದಳು. ಯಾವ ರೂಪಾ ಎಂದರು ಅವರು. ತಮ್ಮ ಮಗಳ ಭಾಂಗ್ಡಾ ಕ್ಲಾಸಿನವರು ಎಂದುಕೊಂಡಿದ್ದರಂತೆ. ರೂಪಾಳ ಮನೆ ಎರಡು ಬೀದಿ ಆಚೆಗಿತ್ತು, ಅವರೇ ಬಂದು ಬಿಟ್ಟು ಹೋದರು.

ಮದುವೆಯ ಮಧ್ಯಾಹ್ನ

ಮೆಲ್ಬರ್ನಿನ ಫುಟ್ಸ್‌ಕ್ರೇಯ ಒಂದು ಹಾಲ್. ಹೆಣ್ಣಿನ ಕಡೆಯ ಹೆಂಗಸರೆಲ್ಲ ಒಂದೇ ಹಳದಿ ಬಟ್ಟೆಯಲ್ಲಿ ಹೊಲಿಸಿಕೊಂಡಿದ್ದರು, ಗಂಡಿನ ಕಡೆಯವರೆಲ್ಲ ನೀಲಿ. ಯಾರು ಯಾರ ಕಡೆ ಎಂದು ಕೇಳಿ ಪೇಚಿಗೆ ಬೀಳುವ ಹಾಗೇ ಇಲ್ಲ. ನಮ್ಮಲ್ಲೂ ಇದು ಬರಬೇಕು. ದೊಡ್ಡ ತಟ್ಟೆಯಲ್ಲಿ ಅನ್ನ, ಮೇಲೆ ಶೇಂಗಾದ ಸಾರು, ನಾಲ್ಕೈದು ಜನ ಸುತ್ತ ಕೂತು ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಸಾರಿನಲ್ಲಿ ಮಾಂಸವಿತ್ತು. ನನಗೆಂದು ಒಬ್ಬಾಕೆ ಕರಿದ ಬಾಳೆಹಣ್ಣು ತಂದುಕೊಟ್ಟು, ತಿಂದು ಮುಗಿಸುವವರೆಗೆ ಎದುರಿಗೇ ನಿಂತಳು. ಅದೊಂದರಲ್ಲಿ ಅವರೂ ನಾವೂ ಪಕ್ಕಾ ಒಂದೇ.

ಡೋಲು ಶುರುವಾಯಿತು, ಕುರುಸ್ಸಾದ ತುಂಬು ಜಾಗ್ಬೆ. ಮೇಷ್ಟ್ರು ಮುಂದೆ ಜೆಂಬೆ ಹಿಡಿದು ನಿಂತರು. ಹಿಂದೆ ದೊಡ್ಡ ಡೋಲಿಗೆ ಶೋಭಾ, ಮಧ್ಯದ್ದಕ್ಕೆ ಕ್ಲಾಸಿನ ಬಡಗಿ ಗ್ರೆಗ್, ಸಣ್ಣದಕ್ಕೆ ನಾನು. ಹಳದಿ ಹೆಂಗಸರು ಒಬ್ಬೊಬ್ಬರೇ ನಡುವೆ ಬಂದು ಕುಣಿದು, ಬಗ್ಗಿ ಜೆಂಬೆ ಮುಟ್ಟಿ ಎದೆಗೆ ಕೈ ಒತ್ತಿಕೊಂಡು ಹೋಗುತ್ತಿದ್ದರು. ನನ್ನ ಕಾಲು ನೆಟ್ಟಗೆ ನಿಂತಿತ್ತು, ಕೈ ಚೆನ್ನಾಗಿ ಓಡುತ್ತಿತ್ತು. ಇಷ್ಟೇನಾ ಎನಿಸಿತು.

ಆಮೇಲೆ ಸಾರಾನ್ ಎದ್ದರು. ಎಪ್ಪತ್ತರ ಹತ್ತಿರದವರು, ಎತ್ತರದ ಆಳು, ನೀಲಿ ಬಟ್ಟೆಯ ಮೇಲೆ ಬಿಳಿ ಮುಸುಕು. ಹಾಲ್‌ನ ಗದ್ದಲ ಇಳಿಯಿತು. ಮರಿಯಮ್ ಕುರ್ಚಿಯ ತುದಿಗೆ ಬಂದಳು. ಸಾರಾನ್ ನಿಧಾನವಾಗಿ ನಡುವೆ ಬಂದು ತಮ್ಮ ಕೀಟಾದ ರೀತಿಯಲ್ಲಿ ಪಾದ ಜಾರಿಸಿದರು. ಆ ಪಾದ ನಿಲ್ಲಬೇಕಾದ ಬಿಡುವಿನಲ್ಲಿ ನಮ್ಮ ಪೆಟ್ಟು ಆಗಲೇ ಬಿದ್ದಿತ್ತು. ಇನ್ನೊಮ್ಮೆ ಜಾರಿಸಿದರು, ಮತ್ತೆ ಹಾಗೇ. ಹೆಜ್ಜೆ ಸಡಿಲವಾಯಿತು.

ಇಲ್ಲಿ ನನ್ನೊಳಗಿನ ಡೊಳ್ಳಿನವಳು ಎದ್ದಳು. ನಮ್ಮ ಮೇಳದಲ್ಲಿ ಯಾರದಾದರೂ ಹೆಜ್ಜೆ ಸಡಿಲಾದರೆ ಮದ್ದು ಒಂದೇ, ಬಡಿತದ ವೇಗ ಏರಿಸುವುದು. ಗತ್ತು ಏರಿದರೆ ಮೈಯಲ್ಲಿ ಬಿಸಿ ಹುಟ್ಟುತ್ತದೆ, ಹೆಜ್ಜೆ ತಾನಾಗಿ ಕೂಡಿಕೊಳ್ಳುತ್ತದೆ. ಪಾಪ, ಈ ತಾಯಿಗೆ ಒಂದಿಷ್ಟು ಆಸರೆಯಾಗಲಿ ಎಂದು ನಾನು ಏರಿಸಿದೆ. ಕೆಂಕೆನಿ ಏರಿದರೆ ಎಲ್ಲವೂ ಏರಲೇಬೇಕು. ಗ್ರೆಗ್ ಏರಿಸಿದ, ಶೋಭಾ ಏರಿಸಿದಳು, ಮೇಷ್ಟ್ರ ಜೆಂಬೆ ಓಡತೊಡಗಿತು.

ಸಾರಾನ್ ನಿಂತರು. ನನ್ನನ್ನೇ ಒಮ್ಮೆ ನೋಡಿದರು. ತಿರುಗಿ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಜೆಂಬೆ ಮುಟ್ಟಲಿಲ್ಲ.

ನೀಲಿ ಹೆಂಗಸರ ಚಪ್ಪಾಳೆ ನಿಂತಿತು. ಮೇಷ್ಟ್ರು ಬಡಿತ ನಿಲ್ಲಿಸಿ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು, "ಯಾಕೆ ಏರಿಸಿದಿರಿ?"

ಹೇಳಿದೆ. ಅವರು ಕಣ್ಣು ಮುಚ್ಚಿ ತೆರೆದರು. "ನಮ್ಮಲ್ಲಿ ಏರಿಸಿದರೆ, ನಿಮ್ಮದು ಸಾಕು, ಮುಗಿಸಿ ಅಂತ ಅರ್ಥ. ಅವರು ಈಗ ತಾನೇ ಬಂದಿದ್ದರು."

ಸಮುದ್ರ ದಾಟಿ ಬಂದ ಹಿರಿಯಳಿಗೆ, ತುಂಬಿದ ಮದುವೆ ಮನೆಯಲ್ಲಿ, ಎದ್ದು ಹೋಗಿ ಎಂದು ಹೇಳಿದ್ದೆ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರೆ. ಇಲ್ಲಿ ಚೆನ್ನಾಗಿ ಕುಣಿಯಬಲ್ಲವಳ ಕಾಲ ಕೆಳಗಿನ ನೆಲವನ್ನು ಡೊಂಕು ಮಾಡಿದವಳು ನಾನೇ. ಮರಿಯಮ್ ತನ್ನ ಅಂಗೈ ನೋಡುತ್ತ ಕೂತಿದ್ದಳು. ಅವಳ ತಾಯಿ ಗೋಡೆಯ ಕಡೆ ತಿರುಗಿದ್ದರು. ನನಗೆ ಅಳು ಬಂದಿತ್ತು.

"ಅತ್ತೆ, ಟೆನ್ಷನ್ ಮಾಡ್ಕೋಬೇಡಿ, ಸೆಕು ಏನೋ ಮ್ಯಾನೇಜ್ ಮಾಡ್ತಾರೆ," ಎಂದಳು ಶೋಭಾ.

"ಅವ್ರು ಯಾಕೆ ಮಾಡ್ಬೇಕು? ತಪ್ಪು ನಂದು," ಎಂದು ಹೊರಟೆ.

"ಅತ್ತೆ, ಕಾಲಿಗೆಲ್ಲ ಬೀಳ್ಬೇಡಿ, ಅವ್ರಲ್ಲಿ ಏನು ಪದ್ಧತಿನೋ."

ಅವಳು ಹೇಳದಿದ್ದರೆ ಬಿದ್ದೇಬಿಡುತ್ತಿದ್ದೆ. ಕಾಲ ಬಳಿ ಮಂಡಿಯೂರಿ ಕೂತು, ಕೈಯಲ್ಲಿದ್ದ ಕೋಲನ್ನು ಸಾರಾನ್ ತಾಯಿಯ ಕೈಯಲ್ಲಿಟ್ಟು ಕೈ ಮುಗಿದೆ. ಬಾಯಿಗೆ ಬಂದದ್ದು ಕನ್ನಡವೇ. "ತಪ್ಪಾತು ತಾಯಿ. ನಮ್ಮೂರಾಗೆ ಹೆಜ್ಜೆ ತಪ್ಪಿದ್ರೆ ಹಂಗೇ ಏರಿಸ್ತೀವಿ. ನಿಮ್ಮ ಪದ್ಧತಿ ಗೊತ್ತಾಗ್ಲಿಲ್ಲ. ನನ್ನ ಮ್ಯಾಲಿನ ಸಿಟ್ಟು ಆ ಹುಡುಗಿ ಮ್ಯಾಲೆ ಇಟ್ಕಾಬ್ಯಾಡ್ರಿ."

ಆಕೆ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೇಷ್ಟ್ರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅವರ ಭಾಷೆಯಲ್ಲಿ ಏನೋ ವಿವರಿಸಿದರು. ಬಹುಶಃ ನನ್ನ ಡೊಳ್ಳಿನ ಕಥೆ, ಏಕೆಂದರೆ ನಡುವೆ ಸೊಂಟ ಮುಟ್ಟಿ ತೋರಿಸಿದರು. ಸಾರಾನ್ ನನ್ನ ಸೊಂಟ ನೋಡಿದರು, ಮುಖ ನೋಡಿದರು, ಉದ್ದಕ್ಕೆ ಏನೋ ಹೇಳಿದರು. ಸುತ್ತಲಿನ ನೀಲಿ ಹೆಂಗಸರು ಗೊಳ್ಳೆಂದು ನಕ್ಕರು. ಆ ನಗು ಕೇಳಿ ನನಗೆ ಅರ್ಧ ಜೀವ ಬಂತು.

ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳಿದರು. "ಕೈ ಒಳ್ಳೆಯದೇ ಅಂತಾರೆ. ಆದರೆ ಮೂರು ಜನ ಒಟ್ಟಿಗೆ ಮಾತಾಡಿದರೆ ಮುದುಕಿಗೆ ಕೇಳಿಸೋದು ಹೇಗೆ ಅಂತಾರೆ. ಅವರ ಊರಲ್ಲಿ ಎರಡೇ ಡೋಲು. ಸಣ್ಣದನ್ನು ಇಳಿಸಬೇಕಂತೆ."

ಸಾರಾನ್ ನನ್ನ ಕೋಲನ್ನು ವಾಪಸ್ ಕೊಡಲಿಲ್ಲ. ನಾನು ಮತ್ತೆ ಬಡಿದರೆ ಎಂಬ ಭಯಕ್ಕೋ ಏನೋ, ತಮ್ಮ ಸೊಂಟದ ಬಟ್ಟೆಗೆ ಸಿಕ್ಕಿಸಿಕೊಂಡರು. ಗ್ರೆಗ್ ಕೆಂಕೆನಿಯನ್ನು ಎತ್ತಿ ಗೋಡೆಗೆ ಒರಗಿಸಿದ. ಮೇಷ್ಟ್ರು ಬಾಯಲ್ಲೇ ಬಡಿತ ಹಾಡಿ ತೋರಿಸಿ, ಮಧ್ಯದ ಡೋಲಿನ ಅರ್ಧ ಪೆಟ್ಟು ಬಿಡಿಸಿ, ನಿಧಾನವಾಗಿ ಶುರು ಮಾಡಿದರು. ನಾನು ಬರಿಗೈಯಲ್ಲಿ ಗೋಡೆಯ ಪಕ್ಕ ನಿಂತೆ. ಇಷ್ಟು ವರ್ಷದಲ್ಲಿ ಡೋಲು ನಡೆಯುತ್ತಿರುವಾಗ ನಾನು ಸುಮ್ಮನೆ ನಿಂತದ್ದಿಲ್ಲ.

ಸಣ್ಣ ಡೋಲು ಹೋದ ಮೇಲೆ ಆ ಬಡಿತದೊಳಗೆ ಜಾಗ ಕಂಡಿತು, ಸಾಮಾನು ತೆಗೆದ ಕೋಣೆಯಲ್ಲಿ ಕಾಣುವಂತೆ. ಸಾರಾನ್ ಎದ್ದು ಬಂದು ಪಾದ ಜಾರಿಸಿದರು. ಪಾದ ನಿಂತ ಕಡೆ ಮೇಷ್ಟ್ರ ಪೆಟ್ಟು ಬಿತ್ತು, ಹಿಂದೆಯೂ ಅಲ್ಲ, ಮುಂದೆಯೂ ಅಲ್ಲ. ಎಡ ಭುಜ ಇಳಿಯಿತು, ಬಲ ಭುಜ ಏರಿತು. ನೆಲ ಬಿಟ್ಟು ಒಂದು ಬೆರಳೂ ಏಳಲಿಲ್ಲ, ಆದರೂ ಇಡೀ ಹಾಲ್ ಆಕೆಯ ಜೊತೆ ತೂಗಿತು. ಚಪ್ಪಾಳೆ ಮರಳಿತು. ನೀಲಿ ಹೆಂಗಸರು, ಅವರ ಹಿಂದೆ ಹಳದಿ ಹೆಂಗಸರು ಸುತ್ತ ನಿಂತರು. ಮೇಷ್ಟ್ರ ಕಣ್ಣು ಆ ಪಾದದಿಂದ ಕದಲಲಿಲ್ಲ. ಕುಣಿದಷ್ಟು ಕುಣಿದು, ತಮಗೆ ಸಾಕೆನಿಸಿದಾಗ, ಸಾರಾನ್ ಬಗ್ಗಿ ಜೆಂಬೆಯ ಚರ್ಮ ಮುಟ್ಟಿ ಕೈಯನ್ನು ಎದೆಗೆ ಒತ್ತಿಕೊಂಡರು.

ಹೋದ ಜೀವ ಬಂದ ಹಾಗಾಯಿತು. ಮರಿಯಮ್‌ಳ ತಾಯಿ ಅತ್ತೇಬಿಟ್ಟರು. ಮೇಷ್ಟ್ರು ಮುಖ ಒರೆಸಿಕೊಂಡು ಚಾವಣಿ ನೋಡಿದರು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತ್ತು. ನಾನು ಇನ್ನು ಯಾರ ಕಣ್ಣಿಗೂ ಬೀಳದೆ ಇನ್ನೊಂದು ಬಾಳೆಹಣ್ಣು ತಿಂದು ಕೂತುಬಿಡೋಣ ಎಂದು ಹಿಂದೆ ಸರಿದೆ.

ಸಾರಾನ್ ಬಿಡಲಿಲ್ಲ. ನೆಟ್ಟಗೆ ನನ್ನ ಬಳಿ ಬಂದು ಮಣಿಕಟ್ಟು ಹಿಡಿದರು. ಆಕೆಯ ಹಿಡಿತ ಎಮ್ಮೆ ಹಗ್ಗ ಹಿಡಿಯುವವರ ಹಿಡಿತ. ಏನೋ ಹೇಳಿದರು. ಮೇಷ್ಟ್ರು ನಗುತ್ತ ಕೂಗಿ ಹೇಳಿದರು, "ಕೈ ಖಾಲಿ ಇರುವವರು ಕುಣಿಯಬೇಕಂತೆ."

"ನಂಗೆ ನಿಮ್ಮ ಹೆಜ್ಜೆ ಬರಲ್ಲ ಮೇಷ್ಟ್ರೇ."

"ನಿಮ್ಮದೇ ಹಾಕಿ."

ಸುತ್ತಿನ ನಡುವೆ ಒಬ್ಬಳೇ ನಿಂತೆ. ಸೊಂಟದ ಮೇಲೆ ಭಾರವಿಲ್ಲ, ಕೈಯಲ್ಲಿ ಕೋಲಿಲ್ಲ, ಮೈ ನನ್ನದೇ ಅಲ್ಲ ಎನಿಸಿತು. ಅಂಜುತ್ತ ನಮ್ಮ ಡೊಳ್ಳಿನ ಮೊದಲ ಹೆಜ್ಜೆ ಹಾಕಿದೆ. ಜೆಂಬೆ ಅಲ್ಲೇ ಬಿತ್ತು. ಎರಡನೆಯದು ಹಾಕಿದೆ, ಅಲ್ಲೂ ಬಿತ್ತು. ಅವಸರ ಮಾಡಿದರೆ ಅದೂ ಅವಸರ ಮಾಡಿತು. ಇಷ್ಟು ವರ್ಷ ನಾನು ಡೋಲಿನ ಹಿಂದೆ ಓಡಿದ್ದೇನೆ, ಹುಡುಗಿಯರನ್ನೂ ಓಡಿಸಿದ್ದೇನೆ. ನೋಡಿಯೇ ಬಿಡೋಣವೆಂದು ಒಂದು ಕಾಲೆತ್ತಿ, ಬೇಕೆಂದೇ ಇಡದೆ ನಿಂತೆ. ಮೇಷ್ಟ್ರು ಕೈ ಮೇಲೆತ್ತಿ, ನನ್ನ ಪಾದದ ಮೇಲೇ ಕಣ್ಣಿಟ್ಟು ಕಾದರು. ಗ್ರೆಗ್, ಶೋಭಾ ಬಾರಿಸುತ್ತಲೇ ಇದ್ದರು. ಹಳದಿಯವರೂ ನೀಲಿಯವರೂ ಕಾದರು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಸಾಕಷ್ಟು ಹೊತ್ತು ಕಾಯಿಸಿ, ಆಮೇಲೆ ಪಾದ ಇಟ್ಟೆ.